ಮನೆಗೆಲಸದವರ ಸಂಬಳವೂ ಧರ್ಮಸಭೆಯ ಸಾಮಾಜಿಕ ಬೋಧನೆಯೂ

ಕಥೋಲಿಕ ಧರ್ಮಸಭೆಗೆ ‘ಸಾಮಾಜಿಕ ಬೋಧನೆ’ ಎಂಬುದೊಂದು ಇದೆ ಎಂದು ಪೂಜೆಗೆ ಹೋಗುವವರು ಪ್ರಬೋಧನೆಯಲ್ಲಿ ಕೇಳಿರುತ್ತಾರೆ. ಕೇಳಿ ತಲೆಯಾಡಿಸಿ ಮನೆಗೆ ಬಂದಿರುತ್ತಾರೆ. ಅದೇನಿದ್ದರೂ ಬಿಷಪರಿಗೆ, ಸಮಾಜಸೇವೆ ಮಾಡುವ ಸಿಸ್ಟರುಗಳಿಗೆ ಸೇರಿದ್ದು ಎಂಬ ಭಾವನೆ ನಮ್ಮಲ್ಲಿ ಬಹಳ ಮಂದಿಗಿದೆ. ಆದರೆ ಆ ಬೋಧನೆ ಹುಟ್ಟಿದ್ದೇ ಕೂಲಿಯ ಪ್ರಶ್ನೆಯಿಂದ. ನಿಮ್ಮ ಮನೆಗೆ ಪಾತ್ರೆ ತೊಳೆಯಲು, ಅಡುಗೆ ಮಾಡಲು, ಕಾರು ಒರೆಸಲು, ವಯಸ್ಸಾದ ತಾಯಿಯನ್ನು ನೋಡಿಕೊಳ್ಳಲು ಯಾರಾದರೂ ಬರುತ್ತಿದ್ದರೆ ಅದು ನಿಮ್ಮ ವಿಷಯವೂ ಹೌದು. ಈ ಲೇಖನ ಅಲ್ಲಿಂದಲೇ ಶುರುವಾಗುತ್ತದೆ. ದಾನಧರ್ಮದ ಮಾತು ಆಮೇಲೆ.

ಕಥೋಲಿಕರಲ್ಲದ ಓದುಗರೂ ಮುಂದೆ ಓದಬಹುದು. ಲೆಕ್ಕ ಎಲ್ಲರ ಮನೆಯಲ್ಲೂ ಒಂದೇ.

ಏನಿದು ಸಾಮಾಜಿಕ ಬೋಧನೆ?

1891ರ ಮೇ 15ರಂದು ಪೋಪ್ ಹದಿಮೂರನೆಯ ಲಿಯೋ ‘ರೇರುಂ ನೊವಾರುಂ’ ಎಂಬ ವಿಶ್ವಪತ್ರ ಹೊರಡಿಸಿದರು. ವಿಶ್ವಪತ್ರ ಎಂದರೆ ಪೋಪರು ಇಡೀ ಧರ್ಮಸಭೆಗೆ ಬರೆಯುವ ಅಧಿಕೃತ ಪತ್ರ. ಇಂಗ್ಲಿಷಿನಲ್ಲಿ ಎನ್‌ಸೈಕ್ಲಿಕಲ್ ಎನ್ನುತ್ತಾರೆ. ಆಗ ಯುರೋಪಿನ ಕಾರ್ಖಾನೆಗಳಲ್ಲಿ ಗಂಡಸರು, ಹೆಂಗಸರು, ಮಕ್ಕಳು ಹೊತ್ತುಗೊತ್ತಿಲ್ಲದೆ ದುಡಿಯುತ್ತಿದ್ದರು. ಪತ್ರದಲ್ಲಿ ಮೂರು ಮಾತು ಮುಖ್ಯ. ಖಾಸಗಿ ಆಸ್ತಿ ಇಟ್ಟುಕೊಳ್ಳುವುದು ಮನುಷ್ಯನ ಹಕ್ಕು. ಕಾರ್ಮಿಕರು ಸಂಘ ಕಟ್ಟಿಕೊಳ್ಳುವುದೂ ಹಕ್ಕು. ಕೂಲಿ ಎನ್ನುವುದು ದುಡಿಯುವವನು ಮಿತವಾಗಿ, ಮರ್ಯಾದೆಯಿಂದ ಬದುಕುವಷ್ಟು ಇರಲೇಬೇಕು.

‘ಇದು ಕಮ್ಯುನಿಸಂ ಅಲ್ಲವೇ?’ ಎಂದು ಕೇಳುವವರಿದ್ದಾರೆ. ಅಲ್ಲ. ಆ ಪತ್ರವೇ ಸಮಾಜವಾದವನ್ನು ನೇರವಾಗಿ ತಿರಸ್ಕರಿಸುತ್ತದೆ. ಹಾಗೆಂದು ಮಾಲೀಕರ ಬೆನ್ನು ತಟ್ಟುವುದೂ ಇಲ್ಲ. ಆಸ್ತಿ ನಿಮ್ಮದೇ, ಆದರೆ ಭೂಮಿಯ ಫಲ ದೇವರು ಎಲ್ಲರಿಗಾಗಿ ಕೊಟ್ಟದ್ದು ಎಂಬುದು ಇದರ ನಿಲುವು.

ಆಮೇಲೆ ಬಂದ ಪೋಪರು ಈ ಮಾತನ್ನು ಬೆಳೆಸುತ್ತ ಹೋದರು. 1931ರ ವಿಶ್ವಪತ್ರದಲ್ಲಿ ಹನ್ನೊಂದನೆಯ ಪಿಯುಸ್, ಕೂಲಿ ಕುಟುಂಬ ಸಾಕುವಷ್ಟಿರಬೇಕು ಎಂದರು. 1981ರಲ್ಲಿ ಎರಡನೆಯ ಜಾನ್ ಪಾಲ್ ಕೆಲಸದ ಬಗ್ಗೆಯೇ ಒಂದು ವಿಶ್ವಪತ್ರ ಬರೆದರು. ವಾರದ ರಜೆ, ವರ್ಷದ ರಜೆ, ಚಿಕಿತ್ಸೆ, ಪಿಂಚಣಿ ಎಲ್ಲ ಅದರಲ್ಲಿ ಬರುತ್ತದೆ. 2015ರಲ್ಲಿ ಫ್ರಾನ್ಸಿಸ್ ಪರಿಸರದ ಬಗ್ಗೆ ‘ಲೌದಾತೋ ಸೀ’ ಬರೆದರು. 2025ರ ಮೇ ತಿಂಗಳಲ್ಲಿ ಆಯ್ಕೆಯಾದ ಪೋಪರು ಹದಿನಾಲ್ಕನೆಯ ಲಿಯೋ ಎಂದು ಹೆಸರಿಟ್ಟುಕೊಂಡರು. ಅದಕ್ಕೆ ಮುಖ್ಯ ಕಾರಣ 1891ರ ಆ ಪತ್ರವೇ ಎಂದು ಅವರೇ ಹೇಳಿದ್ದಾರೆ.

ಇದನ್ನೆಲ್ಲ ಕ್ರೋಡೀಕರಿಸಿ ವ್ಯಾಟಿಕನ್ 2004ರಲ್ಲಿ ಒಂದು ದಪ್ಪ ಪುಸ್ತಕ ತಂದಿತು. ಅದಕ್ಕೆ ಕಾಂಪೆಂಡಿಯಂ, ಅಂದರೆ ಸಾರಸಂಗ್ರಹ, ಎಂದು ಹೆಸರು. ಅದರ ಪ್ರಕಾರ ಬದಲಾಗದ ತತ್ವಗಳು ನಾಲ್ಕು. ಮೊದಲನೆಯದು ಮನುಷ್ಯನ ಘನತೆ. ಎರಡನೆಯದು ಎಲ್ಲರ ಹಿತ. ಮೂರನೆಯದಕ್ಕೆ ಸಬ್ಸಿಡಿಯಾರಿಟಿ ಎನ್ನುತ್ತಾರೆ. ಚಿಕ್ಕವರು ತಾವೇ ಮಾಡಿಕೊಳ್ಳಬಲ್ಲ ಕೆಲಸವನ್ನು ದೊಡ್ಡವರು ಕಿತ್ತುಕೊಳ್ಳಬಾರದು, ಅವರ ಕೈಯಲ್ಲಿ ಆಗದಿದ್ದಾಗ ಮಾತ್ರ ಕೈಜೋಡಿಸಬೇಕು ಎಂದು ಅರ್ಥ. ನಾಲ್ಕನೆಯದು ಸಾಲಿಡಾರಿಟಿ, ಅಂದರೆ ಇನ್ನೊಬ್ಬರ ಕಷ್ಟಕ್ಕೆ ನಾವೂ ಬಾಧ್ಯಸ್ಥರು ಎಂಬ ಒಗ್ಗಟ್ಟು. ಹೆಸರುಗಳನ್ನು ಬಾಯಿಪಾಠ ಮಾಡಬೇಕಿಲ್ಲ. ಮುಂದಿನ ಲೆಕ್ಕದಲ್ಲಿ ಅವು ತಾವಾಗಿಯೇ ಬರುತ್ತವೆ.

ನ್ಯಾಯ ಮೊದಲು, ದಾನ ಆಮೇಲೆ

ಕ್ರಿಸ್ಮಸ್ಸಿಗೆ ಮನೆಗೆಲಸದವರಿಗೆ ಸೀರೆ ಕೊಡುತ್ತೇವೆ. ಕುಸ್ವಾರ್, ಅಂದರೆ ಹಬ್ಬದ ತಿಂಡಿಗಳ, ಡಬ್ಬಿ ಕೊಡುತ್ತೇವೆ. ಮಗಳ ಮದುವೆಗೆ ಐದು ಸಾವಿರ ಕೊಟ್ಟದ್ದನ್ನು ನೆನಪಿಟ್ಟುಕೊಂಡಿರುತ್ತೇವೆ. ಒಳ್ಳೆಯದೇ. ಆದರೆ 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಜನಸಾಮಾನ್ಯ ವಿಶ್ವಾಸಿಗಳ ಸೇವೆಯ ಕುರಿತು ಹೊರಡಿಸಿದ ದಾಖಲೆಯಲ್ಲಿ ಒಂದು ಖಾರವಾದ ಸೂಚನೆ ಇದೆ. ನ್ಯಾಯವಾಗಿ ಸಲ್ಲಬೇಕಾದದ್ದನ್ನು ದಾನದ ಹೆಸರಿನಲ್ಲಿ ಕೊಡಬೇಡಿ ಎಂಬುದು ಅದರ ಸಾರಾಂಶ. ನನಗೆ ಇಡೀ ಸಾಮಾಜಿಕ ಬೋಧನೆಯ ತಿರುಳು ಇಲ್ಲೇ ಇದೆ ಎನಿಸುತ್ತದೆ. ಸಂಬಳದಲ್ಲಿ ಸಾವಿರ ಉಳಿಸಿ, ಹಬ್ಬಕ್ಕೆ ಎಂಟುನೂರರ ಸೀರೆ ಕೊಟ್ಟರೆ ಲಾಭ ಯಾರಿಗೆ?

ಧರ್ಮೋಪದೇಶದ ಪುಸ್ತಕದಲ್ಲಿ ‘ಸ್ವರ್ಗಕ್ಕೆ ಮೊರೆಯಿಡುವ ಪಾಪಗಳು’ ಎಂದು ಕೆಲವನ್ನು ಬೇರೆಯಾಗಿ ಹೇಳಿದ್ದಾರೆ. ಕೊಲೆ ಅದರಲ್ಲಿದೆ. ಕೂಲಿಯವರಿಗೆ ಮಾಡುವ ಅನ್ಯಾಯವೂ ಅದೇ ಸಾಲಿನಲ್ಲಿದೆ. ಪಾಪನಿವೇದನೆಯಲ್ಲಿ ಸಿಟ್ಟು, ಸುಳ್ಳು, ಪೂಜೆ ತಪ್ಪಿಸಿದ್ದು ಎಲ್ಲ ಹೇಳುತ್ತೇವೆ. ಸಂಬಳದ ವಿಚಾರ ನಾಲಿಗೆಗೆ ಬರುವುದು ಅಪರೂಪ.

ನ್ಯಾಯದ ಸಂಬಳ ಲೆಕ್ಕ ಹಾಕುವುದು ಹೇಗೆ?

ಒಂದು ಕಾಗದ ತೆಗೆದುಕೊಳ್ಳಿ. ನಿಮ್ಮ ಮನೆಗೆ ಬರುವವರು ದಿನಕ್ಕೆ ಎಷ್ಟು ಹೊತ್ತು ಕೆಲಸ ಮಾಡುತ್ತಾರೆ ಬರೆಯಿರಿ. ಅಂದಾಜು ಬೇಡ, ಒಂದು ವಾರ ಗಡಿಯಾರ ನೋಡಿ. ಎರಡು ಗಂಟೆ ಎಂದಿಟ್ಟುಕೊಳ್ಳೋಣ. ವಾರಕ್ಕೊಂದು ರಜೆ ಕಳೆದರೆ ತಿಂಗಳಿಗೆ 26 ದಿನ. ಅಲ್ಲಿಗೆ 52 ಗಂಟೆ. ನೀವು ₹3,000 ಕೊಡುತ್ತಿದ್ದರೆ ಗಂಟೆಗೆ ₹58ರ ಹತ್ತಿರ ಆಯಿತು.

ಈಗ ಎರಡನೆಯ ಹೆಜ್ಜೆ. ಅವರು ಇಷ್ಟೇ ದರದ ನಾಲ್ಕು ಮನೆ ಹಿಡಿದಿದ್ದಾರೆ ಎಂದುಕೊಳ್ಳಿ. ದಿನಕ್ಕೆ ಎಂಟು ಗಂಟೆ ದುಡಿತ. ಮನೆಯಿಂದ ಮನೆಗೆ ನಡೆಯುವ ಹೊತ್ತಿಗೆ ಯಾರೂ ಕಾಸು ಕೊಡುವುದಿಲ್ಲ. ತಿಂಗಳ ಕೊನೆಗೆ ಕೈಗೆ ₹12,000. ನಿಮ್ಮ ಊರಿನಲ್ಲಿ ಒಂದು ಕೋಣೆಯ ಬಾಡಿಗೆ ಎಷ್ಟು, ಗ್ಯಾಸ್ ಎಷ್ಟು, ಇಬ್ಬರು ಮಕ್ಕಳ ಶಾಲೆಯ ಖರ್ಚು ಎಷ್ಟು ಎಂಬುದು ನಿಮಗೇ ಗೊತ್ತು. ಅದನ್ನು ಈ ಹನ್ನೆರಡು ಸಾವಿರದ ಪಕ್ಕದಲ್ಲಿ ಬರೆಯಿರಿ. 1931ರ ವಿಶ್ವಪತ್ರ ಕೇಳುವ ಪ್ರಶ್ನೆ ಇದೇ: ಈ ದುಡ್ಡಿನಲ್ಲಿ ಒಂದು ಸಂಸಾರ ನಡೆಯುತ್ತದೆಯೇ?

ಮೂರನೆಯ ಹೆಜ್ಜೆ, ಸರ್ಕಾರದ ದರ ನೋಡುವುದು. ಮನೆಗೆಲಸಕ್ಕೆ ಕನಿಷ್ಠ ವೇತನ ನಿಗದಿ ಮಾಡಿದ ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅದು ನಡೆದದ್ದು 2004ರಲ್ಲಿ. ಇದರಲ್ಲಿ ತುಟ್ಟಿಭತ್ಯೆ, ಅಂದರೆ ಬೆಲೆ ಏರಿದಂತೆ ಸೇರುವ ಮೊತ್ತ, ಪ್ರತಿ ಏಪ್ರಿಲ್ 1ಕ್ಕೆ ಬದಲಾಗುತ್ತದೆ. ಆದ್ದರಿಂದ ಕಳೆದ ವರ್ಷದ ದರ ಹಿಡಿದು ಕೂರಬೇಡಿ. ಕಾರ್ಮಿಕ ಇಲಾಖೆಯ ಜಾಲತಾಣದಲ್ಲಿ ಹೊಸ ಆದೇಶ ನೋಡಿ, ಇಲ್ಲವೇ ಹತ್ತಿರದ ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲಿ ವಿಚಾರಿಸಿ. ಸರ್ಕಾರದ ದರ ನೆಲಮಟ್ಟ, ಅದಕ್ಕಿಂತ ಕೆಳಗಿಳಿಯುವ ಹಾಗಿಲ್ಲ. ಅಷ್ಟು ಕೊಟ್ಟ ಮಾತ್ರಕ್ಕೆ ನ್ಯಾಯ ಸಂದಿತು ಎಂದೂ ಧರ್ಮಸಭೆ ಹೇಳುವುದಿಲ್ಲ.

‘ಅವರೇ ಒಪ್ಪಿಕೊಂಡು ಬಂದಿದ್ದಾರಲ್ಲ, ನಾನೇನು ಬಲವಂತ ಮಾಡಿದೆನೇ?’ ಇದು ಎಲ್ಲರೂ ಕೇಳುವ ಪ್ರಶ್ನೆ. ಉತ್ತರ 1891ರಲ್ಲೇ ಬಂದಿದೆ. ಒಪ್ಪಂದ ಆದ ಮಾತ್ರಕ್ಕೆ ಕೂಲಿ ನ್ಯಾಯವಾಗುವುದಿಲ್ಲ ಎನ್ನುತ್ತಾರೆ ಲಿಯೋ. ಯಾವ ಒಪ್ಪಂದಕ್ಕಿಂತಲೂ ಹಳೆಯದು, ದೊಡ್ಡದು ನಿಸರ್ಗದ ನ್ಯಾಯ. ಹಸಿವಿಗೋ ಇನ್ನೂ ಕೆಟ್ಟದ್ದರ ಭಯಕ್ಕೋ ಒಬ್ಬ ಮನುಷ್ಯ ಕಡಿಮೆ ಕೂಲಿಗೆ ತಲೆಬಾಗಿದರೆ ಅವನು ಬಲಾತ್ಕಾರಕ್ಕೆ ಒಳಗಾಗಿದ್ದಾನೆ ಎಂದೇ ಅವರು ಬರೆದಿದ್ದಾರೆ. ಒಪ್ಪಂದವೊಂದೇ ಸಾಲದು ಎಂಬ ಮಾತು ಈಗಿನ ಧರ್ಮೋಪದೇಶದಲ್ಲೂ ಉಳಿದಿದೆ.

‘ನಮ್ಮ ಬೀದಿಯಲ್ಲಿ ಎಲ್ಲರೂ ಇಷ್ಟೇ ಕೊಡುವುದು. ನಾನೊಬ್ಬಳು ಜಾಸ್ತಿ ಕೊಟ್ಟರೆ ಪಕ್ಕದ ಮನೆಯವರು ಜಗಳಕ್ಕೆ ಬರುತ್ತಾರೆ.’ ಬರುತ್ತಾರೆ, ನಿಜ. ಅಪಾರ್ಟ್‌ಮೆಂಟುಗಳಲ್ಲಂತೂ ವಾಟ್ಸಾಪ್ ಗುಂಪಿನಲ್ಲೇ ‘ರೇಟ್ ಹಾಳು ಮಾಡಬೇಡಿ’ ಎಂದು ಬರೆಯುವವರಿದ್ದಾರೆ. ಮಾಲೀಕರು ಒಟ್ಟಾಗಿ ದರ ಕಟ್ಟಿಹಾಕಬಹುದು, ಕೆಲಸದವರು ಒಟ್ಟಾಗಿ ಕೇಳಿದರೆ ಮಾತ್ರ ತಪ್ಪು ಎಂಬ ಲೆಕ್ಕ ಅದು. ಕಾರ್ಮಿಕರು ಸಂಘ ಕಟ್ಟುವ ಹಕ್ಕು ಈ ಬೋಧನೆಯ ಮೊದಲ ಪತ್ರದಲ್ಲೇ ಇದೆ ಎಂದು ಮೇಲೆ ನೋಡಿದೆವು. ಬೆಲ್ಜಿಯಂನಿಂದ ಬಂದ ಸಿಸ್ಟರ್ ಜೀನ್ ಡೆವೊಸ್ 1985ರಲ್ಲಿ ರಾಷ್ಟ್ರೀಯ ಗೃಹ ಕಾರ್ಮಿಕರ ಆಂದೋಲನ ಶುರು ಮಾಡಿದ್ದೂ ಇದೇ ನಂಬಿಕೆಯಿಂದ. ನಿಮ್ಮ ಮನೆಗೆ ಬರುವವರು ಸಂಘದ ಸಭೆಗೆ ಹೋಗಬೇಕು ಎಂದರೆ ಆ ಮಧ್ಯಾಹ್ನ ಬಿಟ್ಟುಕೊಡಿ. ಸಂಬಳ ಹಿಡಿಯಬೇಡಿ.

‘ನಮ್ಮದೇ ಇಎಂಐ ಕಟ್ಟುವುದು ಕಷ್ಟ. ಮೂರು ಸಾವಿರದ ಬದಲು ನಾಲ್ಕು ಸಾವಿರ ಎಲ್ಲಿಂದ ತರಲಿ?’ ಇದಕ್ಕೆ ದಾರಿಯಿದೆ. ದರ ಇಳಿಸಬೇಡಿ, ಹೊತ್ತು ಇಳಿಸಿ. ದಿನಕ್ಕೆ ಎರಡು ಗಂಟೆಗೆ ₹4,000 ಕೊಡುವುದೂ ಒಂದೂವರೆ ಗಂಟೆಗೆ ₹3,000 ಕೊಡುವುದೂ ಒಂದೇ ದರ, ಗಂಟೆಗೆ ₹77ರ ಹತ್ತಿರ. ಅವರು ಉಳಿದ ಅರ್ಧ ಗಂಟೆಯನ್ನು ಬೇರೆ ಕಡೆ ದುಡಿಯಬಹುದು, ಇಲ್ಲ ಬೇಗ ಮನೆಗೆ ಹೋಗಬಹುದು. ನಿಮ್ಮ ಮನೆಯಲ್ಲಿ ಒಂದು ಕೆಲಸ ಕಡಿಮೆಯಾಗುತ್ತದೆ. ಬಾಲ್ಕನಿ ಒರೆಸುವುದನ್ನು ಮಗನಿಗೆ ವಹಿಸಿ.

ರಜೆ, ಲೋಟ, ಅಡ್ವಾನ್ಸು

ಸಂಬಳದಷ್ಟೇ ಮುಖ್ಯವಾದ ಕೆಲವು ಸಂಗತಿಗಳಿವೆ.

ವಾರಕ್ಕೊಂದು ದಿನ ಸಂಬಳಸಹಿತ ರಜೆ ಕೊಡಿ. ನಾವು ಭಾನುವಾರ ಪೂಜೆಗೆ ಹೋಗಿ ವಿಶ್ರಾಂತಿ ಪಡೆಯುವ ದಿನವೇ ಮನೆಯಲ್ಲಿ ಬಿರಿಯಾನಿ, ನೆಂಟರು, ಎರಡು ಪಟ್ಟು ಪಾತ್ರೆ. ಆ ದಿನ ಅವರನ್ನು ಕರೆಸಿ ನಾವು ‘ವಿಶ್ರಾಂತಿಯ ದಿನ’ ಆಚರಿಸುವುದು ವಿಚಿತ್ರ. ವಿಶ್ರಾಂತಿಯ ಆಜ್ಞೆ ಮನೆಯಲ್ಲಿ ದುಡಿಯುವ ಆಳುಗಳನ್ನೂ ಹೆಸರಿಸಿ ಹೇಳುತ್ತದೆ ಎಂಬುದನ್ನು ಬೈಬಲಿನ ವಿಮೋಚನಕಾಂಡ ತೆರೆದು ನೋಡಬಹುದು. ನೀವು ಊರಿಗೆ ಹೋಗಿ ಹತ್ತು ದಿನ ಬೀಗ ಹಾಕಿದರೆ ಆ ಹತ್ತು ದಿನದ ಸಂಬಳ ಕತ್ತರಿಸಬೇಡಿ. ಬರಬೇಡಿ ಎಂದದ್ದು ನೀವು, ಅವರಲ್ಲ. ಕಾಯಿಲೆಗೆ ಬೇರೆ ರಜೆ, ವರ್ಷಕ್ಕೆ ಎರಡು ವಾರ ಊರಿಗೆ ಹೋಗಲು ರಜೆ ಎಂದು ಮೊದಲೇ ಮಾತಾಡಿಕೊಂಡರೆ ಹೇಳದೆ ಕೇಳದೆ ಕೈಕೊಡುವ ತಾಪತ್ರಯವೂ ಕಡಿಮೆಯಾಗುತ್ತದೆ.

ಬೋನಸ್ ಕೊಡುವುದಾದರೆ ಅವರ ಹಬ್ಬಕ್ಕೆ ಕೊಡಿ. ಗೌರಿಹಬ್ಬಕ್ಕೆ ಸೀರೆ ತರಬೇಕಾದವರಿಗೆ, ರಂಜಾನಿಗೆ ಮಕ್ಕಳ ಬಟ್ಟೆ ಹೊಲಿಸಬೇಕಾದವರಿಗೆ ಡಿಸೆಂಬರ್ 24ರ ದುಡ್ಡಿನಿಂದ ಏನು ಪ್ರಯೋಜನ?

ಲೋಟದ ವಿಚಾರ. ಅಡುಗೆಮನೆಯ ಕಿಟಕಿಯ ಮೇಲೋ ಸಿಂಕಿನ ಕೆಳಗೋ ಮನೆಗೆಲಸದವರಿಗೆಂದು ಬೇರೆ ಲೋಟ, ಬೇರೆ ತಟ್ಟೆ ಇಟ್ಟಿರುವ ಮನೆಗಳಿವೆ. ಅವರು ಲಿಫ್ಟ್ ಹತ್ತುವ ಹಾಗಿಲ್ಲ, ಮನೆಯ ಶೌಚಾಲಯ ಬಳಸುವ ಹಾಗಿಲ್ಲ ಎನ್ನುವ ಅಪಾರ್ಟ್‌ಮೆಂಟುಗಳಿವೆ. ಇದು ಬೇರೆಯವರ ಮನೆಯ ರೋಗ ಎಂದು ಕ್ರೈಸ್ತರು ಹೇಳಿಕೊಳ್ಳುವುದುಂಟು. ಭಾರತದ ಕಥೋಲಿಕ ಬಿಷಪರ ಮಂಡಳಿಗೆ ಆ ಭ್ರಮೆಯಿಲ್ಲ. 2016ರ ಡಿಸೆಂಬರಿನಲ್ಲಿ ಅದು ದಲಿತ ಸಬಲೀಕರಣದ ನೀತಿಯೊಂದನ್ನು ಹೊರಡಿಸಿತು. ಧರ್ಮಸಭೆಯ ಒಳಗೇ ಅಸ್ಪೃಶ್ಯತೆ, ತಾರತಮ್ಯ ನಡೆಯುತ್ತಿದೆ ಎಂದು ಅದರಲ್ಲಿ ಒಪ್ಪಿಕೊಂಡಿದೆ. ಮನುಷ್ಯನ ಘನತೆ ಎಂಬ ಮೊದಲ ತತ್ವಕ್ಕೆ ಪುಸ್ತಕ ಓದಬೇಕಿಲ್ಲ. ಬೇರೆ ಲೋಟ ತೆಗೆದುಹಾಕಿ. ಅವರಿಗೂ ನಿಮ್ಮ ಲೋಟದಲ್ಲೇ ಕಾಫಿ ಕೊಡಿ, ನಿಂತುಕೊಂಡಲ್ಲ, ಕುರ್ಚಿಯಲ್ಲಿ ಕೂತು ಕುಡಿಯಲಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಆದರೆ ಇಡೀ ಪಟ್ಟಿಯಲ್ಲಿ ಮನೆಯ ಹಿರಿಯರು ಅತಿಹೆಚ್ಚು ವಿರೋಧಿಸುವುದು ಇದನ್ನೇ.

ಅಡ್ವಾನ್ಸ್ ಬಗ್ಗೆ ಎಚ್ಚರ ಇರಲಿ. ಆಸ್ಪತ್ರೆಗೋ ಶಾಲೆಗೋ ಇಪ್ಪತ್ತು ಸಾವಿರ ಬೇಕೆಂದು ಕೇಳುತ್ತಾರೆ. ಕೊಡುವುದು ತಪ್ಪಲ್ಲ. ‘ತೀರುವವರೆಗೂ ಬೇರೆ ಮನೆಗೆ ಹೋಗುವ ಹಾಗಿಲ್ಲ’ ಎಂದು ಕಟ್ಟಿಹಾಕಿದರೆ ಅದು ಜೀತದ ವಾಸನೆ ಹೊಡೆಯುತ್ತದೆ. ಜೀತ ಪದ್ಧತಿಯನ್ನು ದೇಶದಲ್ಲಿ ನಿಷೇಧಿಸಿದ ಕಾಯ್ದೆ 1976ರದು. ಬಡ್ಡಿ ಹಾಕಬೇಡಿ. ತಿಂಗಳಿಗೆ ಎಷ್ಟು ಹಿಡಿಯಬೇಕೆಂದು ಅವರನ್ನೇ ಕೇಳಿ. ಒಂದು ಪುಟ್ಟ ಪುಸ್ತಕದಲ್ಲಿ ಇಬ್ಬರೂ ಬರೆದಿಟ್ಟುಕೊಳ್ಳಿ. ಮಧ್ಯದಲ್ಲಿ ಕೆಲಸ ಬಿಟ್ಟರೂ ಉಳಿದದ್ದನ್ನು ನಿಧಾನವಾಗಿ ತೀರಿಸಬಹುದು ಎಂದು ಮೊದಲೇ ಹೇಳಿಬಿಡಿ.

ಇನ್ನೊಂದು ಮಾತು, ಇದಕ್ಕೆ ಚರ್ಚೆಯೇ ಇಲ್ಲ. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದು 2006ರಿಂದಲೂ ಅಪರಾಧ. ‘ನಾವು ಓದಿಸುತ್ತೇವೆ’ ಎಂಬ ಸಬೂಬು ನಡೆಯುವುದಿಲ್ಲ. ಪಕ್ಕದ ಮನೆಯಲ್ಲಿ ಕಂಡರೆ 1098ಕ್ಕೆ ಫೋನ್ ಮಾಡಿ.

ಕಾರ್ಡು, ವಿಮೆ, ಪಿಂಚಣಿ

ಇಲ್ಲಿ ನೀವು ಮಾಡಬೇಕಾದ್ದು ಹಣ ಕೊಡುವುದಕ್ಕಿಂತ ಹೆಚ್ಚಾಗಿ ಜೊತೆಗೆ ಕೂರುವುದು.

ಇ-ಶ್ರಮ್ ಎಂಬುದು ಅಸಂಘಟಿತ ಕಾರ್ಮಿಕರ ರಾಷ್ಟ್ರೀಯ ನೋಂದಣಿ. 2021ರ ಆಗಸ್ಟಿನಲ್ಲಿ ಶುರುವಾಯಿತು. 16ರಿಂದ 59 ವಯಸ್ಸಿನವರು, ಪಿಎಫ್ ಅಥವಾ ಇಎಸ್‌ಐ ಇಲ್ಲದವರು ಸೇರಬಹುದು. ಆಧಾರ್, ಆಧಾರಿಗೆ ಜೋಡಿಸಿದ ಮೊಬೈಲ್, ಬ್ಯಾಂಕ್ ಖಾತೆ ಇಷ್ಟು ಬೇಕು. ನೋಂದಣಿಗೆ ಶುಲ್ಕವಿಲ್ಲ. ಹನ್ನೆರಡು ಅಂಕಿಯ ಒಂದು ಸಂಖ್ಯೆ ಸಿಗುತ್ತದೆ. ಸಹಾಯವಾಣಿ 14434. ಬಹಳ ಮಂದಿ ಸಿಕ್ಕಿಕೊಳ್ಳುವುದು ಮೊಬೈಲ್ ನಂಬರಿನಲ್ಲಿ. ಹಳೆಯ ಸಿಮ್ ಕಳೆದುಹೋಗಿರುತ್ತದೆ, ಒಟಿಪಿ ಬರುವುದಿಲ್ಲ. ಹಾಗಿದ್ದರೆ ಮೊದಲು ಆಧಾರ್ ಕೇಂದ್ರಕ್ಕೆ ಹೋಗಿ ನಂಬರ್ ಬದಲಿಸಿಕೊಳ್ಳಬೇಕು. ಅದಕ್ಕೆ ಅರ್ಧ ದಿನ ಬೇಕು. ಆ ಅರ್ಧ ದಿನದ ರಜೆ ನೀವು ಕೊಡಿ.

ರಾಜ್ಯದಲ್ಲಿ ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಮಂಡಳಿ ‘ಅಂಬೇಡ್ಕರ್ ಕಾರ್ಮಿಕ ಸಹಾಯಹಸ್ತ’ ಎಂಬ ಯೋಜನೆ ನಡೆಸುತ್ತದೆ. ಮನೆಗೆಲಸದವರು ಅದರ ಪಟ್ಟಿಯಲ್ಲಿದ್ದಾರೆ. ಹಮಾಲರು, ಚಿಂದಿ ಆಯುವವರು, ಟೈಲರುಗಳು, ಮೆಕ್ಯಾನಿಕ್ಕರು, ಅಗಸರು, ಕ್ಷೌರಿಕರೂ ಇದ್ದಾರೆ. ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ಅರ್ಜಿ.

ವಿಮೆ ಎರಡು. ಬ್ಯಾಂಕ್ ಖಾತೆ ಇದ್ದರೆ ಸಾಕು. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಅಪಘಾತಕ್ಕೆ, ವರ್ಷಕ್ಕೆ ₹20. ಜೀವನಜ್ಯೋತಿ ಬಿಮಾ ಯಾವ ಕಾರಣಕ್ಕೆ ಸತ್ತರೂ ಸಲ್ಲುತ್ತದೆ, ವರ್ಷಕ್ಕೆ ₹436. ಎರಡಕ್ಕೂ ಮೊತ್ತ ಎರಡು ಲಕ್ಷ. ಮೊದಲನೆಯದಕ್ಕೆ 70 ವರ್ಷದವರೆಗೆ, ಎರಡನೆಯದಕ್ಕೆ 50ರೊಳಗೆ ಸೇರಬೇಕು. ವರ್ಷ ಜೂನ್ 1ರಿಂದ ಎಣಿಕೆ. ಮೇ ಕೊನೆಯ ವಾರ ಖಾತೆಯಲ್ಲಿ ದುಡ್ಡಿಲ್ಲದಿದ್ದರೆ ವಿಮೆ ನಿಂತುಹೋಗುತ್ತದೆ. ಆ ₹456 ಅನ್ನು ನೀವು ಮೇ ಇಪ್ಪತ್ತರ ಹೊತ್ತಿಗೆ ಹಾಕಿಬಿಡಿ.

ವಯಸ್ಸು 18ರಿಂದ 40ರೊಳಗಿದ್ದು, ತಿಂಗಳ ಆದಾಯ ₹15,000 ಮೀರದಿದ್ದರೆ ಶ್ರಮಯೋಗಿ ಮಾನ್‌ಧನ್ ಪಿಂಚಣಿಗೂ ಸೇರಬಹುದು. 60 ಆದ ಮೇಲೆ ತಿಂಗಳಿಗೆ ₹3,000. ಅವರು ಕಟ್ಟಿದಷ್ಟನ್ನೇ ಕೇಂದ್ರ ಸರ್ಕಾರವೂ ಕಟ್ಟುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಅವರು ‘ಬೇಡಮ್ಮ’ ಎನ್ನಬಹುದು. ಸಂಬಳವನ್ನು ಬ್ಯಾಂಕಿಗೆ ಹಾಕಬೇಡಿ, ಕೈಗೇ ಕೊಡಿ ಎನ್ನಬಹುದು. ಎಟಿಎಂ ಕಾರ್ಡು ಗಂಡನ ಜೇಬಿನಲ್ಲಿರುವ ಮನೆಗಳು ಎಷ್ಟಿಲ್ಲ? ಆಗ ಉಪದೇಶ ಮಾಡಬೇಡಿ, ಕೇಳಿದ ಹಾಗೆ ಮಾಡಿ. ಮೇಲೆ ಹೇಳಿದ ಸಬ್ಸಿಡಿಯಾರಿಟಿ ಎಂದರೆ ಇದೇ. ಅವರ ಬದುಕಿನ ತೀರ್ಮಾನ ಅವರದು. ನೀವು ದಾರಿ ತೋರಿಸುವವರು ಅಷ್ಟೇ.

ಒಟ್ಟು ಎಷ್ಟು ಖರ್ಚು?

ನಮ್ಮ ಉದಾಹರಣೆಯಲ್ಲಿ ಸಂಬಳ ಮೂರರಿಂದ ನಾಲ್ಕು ಸಾವಿರಕ್ಕೆ ಏರಿಸಿದರೆ ವರ್ಷಕ್ಕೆ ₹12,000 ಹೆಚ್ಚು. ಹಬ್ಬಕ್ಕೆ ಒಂದು ತಿಂಗಳ ಸಂಬಳ ₹4,000. ವಿಮೆ ₹456. ಒಟ್ಟು ₹16,456. ತಿಂಗಳಿಗೆ ₹1,371ರ ಲೆಕ್ಕ. ಒಬ್ಬರ ಮನೆಗೆ ಇದು ದೊಡ್ಡ ಮೊತ್ತ, ಇನ್ನೊಬ್ಬರ ಮನೆಗೆ ಒಂದು ಸಂಜೆಯ ಹೋಟೆಲ್ ಬಿಲ್ಲು. ನೀವು ಯಾವ ಗುಂಪಿಗೆ ಸೇರಿದವರು ಎಂದು ನಾನು ಹೇಳಬೇಕಿಲ್ಲ. ಪ್ರತಿವರ್ಷ ಏಪ್ರಿಲಿನಲ್ಲಿ ಅವರು ಕೇಳುವ ಮೊದಲೇ ಏರಿಸಿ. ಬಾಯಿಬಿಟ್ಟು ಕೇಳುವುದು ಅವರಿಗೆ ಎಷ್ಟು ಕಷ್ಟ ಎಂಬುದು ಅಪ್ರೈಸಲ್‌ಗೆ ಕಾದು ಕೂತ ಯಾರಿಗಾದರೂ ಗೊತ್ತಿರುತ್ತದೆ.

ಮನೆಯ ಆಚೆಗೆ

ಮನೆಯ ಲೆಕ್ಕ ಸರಿಹೋದ ಮೇಲೆ ದಾನದ ಮಾತು. ಧರ್ಮಸಭೆಯ ಕಾನೂನು ಸಂಹಿತೆಯ 222ನೆಯ ನಿಯಮದಲ್ಲಿ, ಸಾಮಾಜಿಕ ನ್ಯಾಯಕ್ಕಾಗಿ ದುಡಿಯುವುದು, ಸ್ವಂತ ಹಣದಿಂದ ಬಡವರಿಗೆ ನೆರವಾಗುವುದು ಪ್ರತಿ ವಿಶ್ವಾಸಿಯ ಕರ್ತವ್ಯ ಎಂದಿದೆ. ಎಷ್ಟು ಎಂದು ಹೇಳಿಲ್ಲ. ಹತ್ತರಲ್ಲೊಂದು ಪಾಲು ಕೊಡಲೇಬೇಕೆಂಬ ಕಡ್ಡಾಯ ಕಥೋಲಿಕರಿಗಿಲ್ಲ.

ಮೊದಲ ಬಾರಿಗೆ ಇಂಥ ನೆರವಿಗೆ ಇಳಿಯುವವರಿಗೆ ನಾನು ಸಂತ ವಿನ್ಸೆಂಟ್ ದಿ ಪೌಲ್ ಸಭೆಯನ್ನು ಸೂಚಿಸುತ್ತೇನೆ. 1833ರಲ್ಲಿ ಪ್ಯಾರಿಸ್ಸಿನಲ್ಲಿ ಶುರುವಾದದ್ದು. ಶುರು ಮಾಡಿದವರಲ್ಲಿ ಮುಖ್ಯನಾದ ಫ್ರೆಡರಿಕ್ ಓಜನಾಮ್‌ಗೆ ಆಗ ಇಪ್ಪತ್ತೇ ವರ್ಷ, ಕಾಲೇಜು ವಿದ್ಯಾರ್ಥಿ. ಬಡವರ ಮನೆಗೆ ಹೇಗೆ ಹೋಗಬೇಕು, ಹೇಗೆ ಮಾತಾಡಬೇಕು ಎಂದು ಈ ಹುಡುಗರಿಗೆ ಕಲಿಸಿಕೊಟ್ಟವರು ಸಿಸ್ಟರ್ ರೊಸಾಲಿ ರೆಂದು. ಕ್ರಮ ಇಂದಿಗೂ ಬಹುತೇಕ ಅದೇ. ಧರ್ಮಕೇಂದ್ರದ ಮಟ್ಟದ ಗುಂಪಿಗೆ ಕಾನ್ಫರೆನ್ಸ್ ಎನ್ನುತ್ತಾರೆ. ಸದಸ್ಯರು ನಿಯಮಿತವಾಗಿ ಸೇರುತ್ತಾರೆ, ಪ್ರಾರ್ಥಿಸುತ್ತಾರೆ, ಇಬ್ಬಿಬ್ಬರಾಗಿ ಮನೆಗಳಿಗೆ ಹೋಗಿಬರುತ್ತಾರೆ. ಯಾರಿಗೆ ಔಷಧಿ ಬೇಕು, ಯಾರಿಗೆ ಶಾಲೆಯ ಶುಲ್ಕ ಬೇಕು ಎಂದು ಸಭೆಯಲ್ಲಿ ತೀರ್ಮಾನ. ಕೊನೆಯಲ್ಲಿ ಗುಪ್ತ ಸಂಚಿ ಬರುತ್ತದೆ. ಯಾರು ಎಷ್ಟು ಹಾಕಿದರು ಯಾರಿಗೂ ತಿಳಿಯುವುದಿಲ್ಲ. ಕೈಯಲ್ಲಿ ಇಲ್ಲದವರು ಬರಿಗೈ ಹಾಕಿ ತೆಗೆದರೂ ಗೊತ್ತಾಗುವುದಿಲ್ಲ. ನೆರವು ಪಡೆದವರ ಹೆಸರು ಹೊರಗೆ ಹೋಗಬಾರದು. ಫೋಟೊ ತೆಗೆಸಿ ಫೇಸ್‌ಬುಕ್ಕಿಗೆ ಹಾಕುವ ಈ ಕಾಲದಲ್ಲಿ ಈ ಒಂದು ನಿಯಮಕ್ಕಾಗಿಯೇ ನನಗೆ ಆ ಸಭೆಯ ಮೇಲೆ ಗೌರವ.

‘ಹೀಗೆ ಸಹಾಯಕ್ಕೆ ಹೋದರೆ ಮತಾಂತರ ಎಂದು ಗಲಾಟೆ ಮಾಡುವುದಿಲ್ಲವೇ?’ ಕರ್ನಾಟಕದಲ್ಲಿ ಇದು ನಿಜವಾದ ಅಂಜಿಕೆ. 2005ರ ಡಿಸೆಂಬರಿನಲ್ಲಿ ಬರೆದ ತಮ್ಮ ಮೊದಲ ವಿಶ್ವಪತ್ರದಲ್ಲಿ ಹದಿನಾರನೆಯ ಬೆನೆಡಿಕ್ಟ್ ಇದನ್ನು ಸ್ಪಷ್ಟಪಡಿಸಿದ್ದಾರೆ. ಪ್ರೀತಿಯ ಸೇವೆಯನ್ನು ಮತಕ್ಕೆ ಸೇರಿಸಿಕೊಳ್ಳುವ ಸಾಧನವಾಗಿ ಬಳಸಬಾರದು. ಆದ್ದರಿಂದ ಹೋದಲ್ಲಿ ಜಪಸರ ಹಂಚಬೇಡಿ. ಅಕ್ಕಿ ಕೊಡಲು ಹೋದರೆ ಅಕ್ಕಿ ಕೊಟ್ಟು, ಯೋಗಕ್ಷೇಮ ಕೇಳಿ ಬನ್ನಿ.

ಒಬ್ಬರಿಗೆ ಕೊಡುವುದಕ್ಕಿಂತ ಹತ್ತು ಮಂದಿ ತಾವೇ ಕೂಡಿಕೊಳ್ಳುವುದು ಹೆಚ್ಚು ದಿನ ಬಾಳುತ್ತದೆ. ಛೋಟಾನಾಗಪುರದಲ್ಲಿ ಆದಿವಾಸಿಗಳು ಸಾಹುಕಾರರ ಬಡ್ಡಿಗೆ ಜಮೀನು ಕಳೆದುಕೊಳ್ಳುತ್ತಿದ್ದಾಗ ಫಾದರ್ ಜಾನ್ ಬ್ಯಾಪ್ಟಿಸ್ಟ್ ಹಾಫ್‌ಮನ್ 1909ರಲ್ಲಿ ಸಹಕಾರಿ ಪತ್ತಿನ ಸಂಘ ಕಟ್ಟಿದರು. ಮೂರು ವರ್ಷದ ಮೇಲೆ, 1912ರಲ್ಲಿ, ಮಂಗಳೂರಿನ ಕಥೋಲಿಕರು ಕಟ್ಟಿದ ಪತ್ತಿನ ಸಂಘವೇ ಇಂದಿನ ಎಂಸಿಸಿ ಬ್ಯಾಂಕ್. ಇವತ್ತು ನಮ್ಮ ಬೀದಿಯ ಸ್ತ್ರೀಶಕ್ತಿ ಸಂಘಗಳು ಚಿಕ್ಕ ಅಳತೆಯಲ್ಲಿ ಅದೇ ಕೆಲಸ ಮಾಡುತ್ತಿವೆ. ನಿಮ್ಮ ಮನೆಗೆ ಬರುವವರು ಮೈಕ್ರೊಫೈನಾನ್ಸಿನ ವಾರದ ಕಂತಿನಲ್ಲಿ ಸಿಕ್ಕಿಬಿದ್ದಿದ್ದರೆ, ಬೈಯುವ ಬದಲು ಅಂಗನವಾಡಿ ಕಾರ್ಯಕರ್ತೆಯ ಹತ್ತಿರ ಕರೆದುಕೊಂಡು ಹೋಗಿ. ಯಾವ ಸಂಘದಲ್ಲಿ ಜಾಗವಿದೆ ಎಂದು ಅವರಿಗೆ ಗೊತ್ತಿರುತ್ತದೆ.

ಪರಿಸರದ ವಿಚಾರ ಒಂದೇ ಮಾತಿನಲ್ಲಿ ಮುಗಿಸುತ್ತೇನೆ, ಅದಕ್ಕೆ ಬೇರೆಯೇ ಲೇಖನ ಬೇಕು. ನಿಮ್ಮ ಮನೆಯ ಹಸಿಕಸ, ಒಣಕಸ, ಡೈಪರು, ಒಡೆದ ಗಾಜನ್ನು ಬೇರೆ ಮಾಡಿ ಕೊಟ್ಟರೆ ಪೌರಕಾರ್ಮಿಕರ ಕೈ ಕೊಯ್ಯುವುದಿಲ್ಲ. ‘ಲೌದಾತೋ ಸೀ’ ಬಡವರ ಕೂಗನ್ನೂ ಭೂಮಿಯ ಕೂಗನ್ನೂ ಒಟ್ಟಿಗೆ ಕೇಳಬೇಕು ಎನ್ನುವುದು ಇಂಥ ಕಡೆಯೇ.

ಎಲ್ಲಿ ವಿಚಾರಿಸಬೇಕು?

ವಿಶ್ವಪತ್ರಗಳೆಲ್ಲ ವ್ಯಾಟಿಕನ್ ಜಾಲತಾಣದಲ್ಲಿ ಇಂಗ್ಲಿಷಿನಲ್ಲಿ ಉಚಿತ. ಸಾರಸಂಗ್ರಹವೂ ಅಲ್ಲೇ ಇದೆ. ಅಷ್ಟು ದಪ್ಪ ಪುಸ್ತಕ ಬೇಡ ಎನ್ನುವವರಿಗೆ, ಅದರಲ್ಲೂ ಹರೆಯದವರಿಗೆ, 2016ರಲ್ಲಿ ಬಂದ ‘ಡೊಕ್ಯಾಟ್’ ಎಂಬ ಪ್ರಶ್ನೋತ್ತರದ ಪುಸ್ತಕ ಸುಲಭ. ಬೆಂಗಳೂರಿನ ಬೆನ್ಸನ್ ಟೌನ್‌ನಲ್ಲಿ ಯೇಸುಸಭೆಯವರ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟ್ ಇದೆ, ಈ ವಿಷಯಗಳಲ್ಲೇ ತರಬೇತಿ, ಅಧ್ಯಯನ ನಡೆಸುವ ಜಾಗ. ಧರ್ಮಕ್ಷೇತ್ರಗಳಿಗೆ ತಮ್ಮದೇ ಸಮಾಜಸೇವಾ ಸಂಸ್ಥೆಗಳಿವೆ. ಮಂಗಳೂರಿನಲ್ಲಿ ಸಿಒಡಿಪಿ, ಮೈಸೂರಿನಲ್ಲಿ ಒಡಿಪಿ, ಬೆಂಗಳೂರಿನಲ್ಲಿ ಬಿಎಂಎಸ್‌ಎಸ್‌ಎಸ್ ಎಂದು ಕೇಳಿದರೆ ತೋರಿಸುತ್ತಾರೆ. ತಪಸ್ಸುಕಾಲದಲ್ಲಿ ಚರ್ಚಿನಲ್ಲಿ ಸಂಗ್ರಹಿಸುವ ‘ಹಸಿವು ಮತ್ತು ರೋಗದ ವಿರುದ್ಧ’ ಅಭಿಯಾನದ ಹಣ ಧರ್ಮಸಭೆಯ ಸಮಾಜಸೇವಾ ಸಂಸ್ಥೆಯಾದ ಕಾರಿತಾಸ್ ಇಂಡಿಯಾ ನಡೆಸುವ ಕೆಲಸಕ್ಕೆ. ವಿನ್ಸೆಂಟ್ ಸಭೆ ಯಾವಾಗ ಸೇರುತ್ತದೆ ಎಂದು ನಿಮ್ಮ ಧರ್ಮಕೇಂದ್ರದ ಕಚೇರಿಯಲ್ಲಿ ಕೇಳಿ.

ಕೇಳುವಾಗ ಇನ್ನೊಂದು ಪ್ರಶ್ನೆಯನ್ನೂ ಕೇಳಬಹುದು. ಗಂಟೆ ಹೊಡೆಯುವವರು, ಗುರುಗಳ ಮನೆಯ ಅಡುಗೆಯವರು, ಸ್ಮಶಾನ ನೋಡಿಕೊಳ್ಳುವವರು, ಚರ್ಚಿನ ಶಾಲೆಯ ಆಯಾಗಳು ಇವರಿಗೆ ಸಂಬಳ ಎಷ್ಟು, ಪಿಎಫ್ ಇದೆಯೇ? ಕೇಳಲು ಸಂಕೋಚ ಬೇಡ. ನ್ಯಾಯದ ಮಾತಾಡುವವರು ಮೊದಲು ತಾವು ನ್ಯಾಯವಾಗಿ ನಡೆಯಬೇಕು, ಚರ್ಚಿನಲ್ಲಿ ದುಡಿಯುವವರಿಗೆ ಸಾಲುವಷ್ಟು ಸಂಬಳ ಸಿಗಬೇಕು ಎಂದು 1971ರ ಬಿಷಪರ ಸಿನೊಡ್, ಅಂದರೆ ರೋಮಿನಲ್ಲಿ ನಡೆದ ಸಭೆ, ಹೇಳಿದೆ. ಕಾನೂನು ಸಂಹಿತೆಯ 1286ನೆಯ ನಿಯಮ ಇನ್ನೂ ನೇರ. ಚರ್ಚಿನ ಆಸ್ತಿ ನೋಡಿಕೊಳ್ಳುವವರು ದೇಶದ ಕಾರ್ಮಿಕ ಕಾಯ್ದೆಗಳನ್ನು ಪಾಲಿಸಬೇಕು, ಕೆಲಸಗಾರರಿಗೆ ಅವರ ಮತ್ತು ಅವರ ಕುಟುಂಬದ ಅಗತ್ಯಕ್ಕೆ ಸಾಲುವ ನ್ಯಾಯವಾದ ಸಂಬಳ ಕೊಡಬೇಕು. 537ನೆಯ ನಿಯಮದಂತೆ ಪ್ರತಿ ಧರ್ಮಕೇಂದ್ರದಲ್ಲೂ ಹಣಕಾಸು ಸಮಿತಿ ಇರಲೇಬೇಕು. ಅದರಲ್ಲಿ ನಿಮ್ಮಂಥ ಜನಸಾಮಾನ್ಯ ವಿಶ್ವಾಸಿಗಳೇ ಕೂರುತ್ತಾರೆ. ಮುಂದಿನ ಸಭೆ ಯಾವತ್ತು ಎಂದು ಸದಸ್ಯರೊಬ್ಬರನ್ನು ಹಿಡಿದು ಕೇಳಿ, ಪ್ರಶ್ನೆಯನ್ನು ಬರೆದು ಅವರ ಕೈಗೆ ಕೊಡಿ.